ಅಣ್ಣ ರುಚಿ ನೋಡಿದ ಒಂದು ಚೂರು ಆಮ್ಲೇಟು

ಈರುಳ್ಳಿ, ಹಸಿಮೆಣಸು ಹಾಕಿ ತೆಂಗಿನೆಣ್ಣೆಯಲ್ಲಿ ಹೊಯ್ದ ಆಮ್ಲೇಟಿನ ವಾಸನೆ ಕ್ಲಿನಿಕ್ಕಿನ ಒಳಗೆ ಬರುವುದುಂಟೇ? ಕಳೆದ ವಾರ ಮೂಡುಬಿದಿರೆಯಲ್ಲಿ ಬಂತು. ರಸ್ತೆಯ ಆಚೆ ಬದಿಯ ಕ್ಯಾಂಟೀನಿನಿಂದ ಎದ್ದು, ಕಿಟಕಿ ದಾಟಿ, ಸ್ಪಿರಿಟಿನ ವಾಸನೆಯನ್ನೂ ಅಡಗಿಸಿ ನೇರ ನನ್ನ ಮೂಗಿಗೇ ಬಂತು. ಆಗಷ್ಟೇ ಫ್ಲೂ ಇಂಜೆಕ್ಷನ್ ಚುಚ್ಚಿಸಿಕೊಂಡು, ತೋಳಿಗೆ ಹತ್ತಿ ಒತ್ತಿ ಹಿಡಿದು ಬೆಂಚಿನ ಮೇಲೆ ಕೂತಿದ್ದೆ. ಸಕ್ಕರೆ ಕಾಯಿಲೆಯವರು ಪ್ರತಿ ವರ್ಷ ಮಳೆಗಾಲಕ್ಕೆ ಮೊದಲು ಇದನ್ನು ತೆಗೆದುಕೊಳ್ಳಬೇಕೆಂದು ಡಾಕ್ಟರು ಹೇಳಿದ ಮೇಲೆ ಮಗಳು ನನ್ನನ್ನು ಬಿಡುವುದೇ ಇಲ್ಲ. ವಾಸನೆ ಬಂದದ್ದೇ ತಡ, ಕಣ್ಣು ತುಂಬಿಕೊಂಡಿತು. ನರ್ಸ್ ಹುಡುಗಿ ನೋಡಿ, "ಅಷ್ಟು ಬೇನೆ ಆಯ್ತಾ ಅಮ್ಮ?" ಎಂದು ಕೇಳಿದಳು.

ಪುಂಜಾಲಕಟ್ಟೆಯಲ್ಲಿ ನನ್ನದೊಂದು ಟೈಲರಿಂಗ್ ಅಂಗಡಿ ಇತ್ತು. ಅದರ ಗೋಡೆಗೆ ತಾಗಿಕೊಂಡೇ ಅಣ್ಣನ ಹೋಟೆಲು. ಅಣ್ಣ ಎಂದರೆ ಒಡಹುಟ್ಟಿದವರಲ್ಲ. ನಾನು ಅವರನ್ನು ಅಣ್ಣ ಎನ್ನುತ್ತಿದ್ದೆ, ನನಗಿಂತ ಎಷ್ಟೋ ದೊಡ್ಡವರಾದ ಅವರು ನನ್ನನ್ನು ಅಕ್ಕ ಎನ್ನುತ್ತಿದ್ದರು. ನಮ್ಮ ಕಡೆ ಹಾಗೆಯೇ, ಇಬ್ಬರೂ ಒಬ್ಬರಿಗೊಬ್ಬರು ದೊಡ್ಡವರು. ಮಾತೆಲ್ಲ ತುಳುವಿನಲ್ಲಿ. ಇಲ್ಲಿ ಕನ್ನಡದಲ್ಲಿ ಬರೆಯುವಾಗ ಅವರ ಮಾತಿನ ಖಾರ ಸ್ವಲ್ಪ ಕಡಿಮೆಯಾಗುತ್ತದೆ, ಏನು ಮಾಡುವುದು.

ಬೆಳ್ತಂಗಡಿಗೆ ಹೋಗುವ ಬಸ್ಸು, ಬಂಟ್ವಾಳಕ್ಕೆ ಇಳಿಯುವ ಬಸ್ಸು ಎಲ್ಲ ಅಲ್ಲಿ ಒಂದು ಉಸಿರು ನಿಂತೇ ಹೋಗುವುದು. ಡ್ರೈವರು, ಕಂಡಕ್ಟರುಗಳಿಗೆ ಅಣ್ಣನ ಆಮ್ಲೇಟು ಆಗಲೇಬೇಕು. ಬನ್ಸು, ಗೋಳಿಬಜೆ ಎಲ್ಲ ಇತ್ತು, ಆದರೆ ಹೆಸರು ಬಂದದ್ದು ಆಮ್ಲೇಟಿಗೆ. ತಮಾಷೆ ಏನೆಂದರೆ, ಆ ಆಮ್ಲೇಟನ್ನು ಅಣ್ಣ ಒಮ್ಮೆಯೂ ತಿಂದವರಲ್ಲ. ಮೊಟ್ಟೆ ಅವರ ಮೈಗೆ ಆಗುತ್ತಿರಲಿಲ್ಲ. ಚಿಕ್ಕಂದಿನಲ್ಲಿ ಕಕ್ಕಿಂಜೆಯ ಯಾರದೋ ಮನೆಯಲ್ಲಿ ಮೊಟ್ಟೆ ತಿಂದು, ಮುಖವೆಲ್ಲ ಊದಿ, ಉಸಿರು ಕಟ್ಟಿ, ಜೀಪಿನಲ್ಲಿ ಮಲಗಿಸಿಕೊಂಡು ಆಸ್ಪತ್ರೆಗೆ ಹೋಗಿದ್ದರಂತೆ. ಜೊತೆಗೆ ಉಬ್ಬಸ ಬೇರೆ. ಹಾಗಾಗಿ ಮೊಟ್ಟೆ ಒಡೆದು ಕಲಸುವುದು ಅವರ ಹೆಂಡತಿ, ಅಂದರೆ ಅತ್ತಿಗೆಯ ಕೆಲಸ, ಕಾವಲಿಯ ಮುಂದೆ ನಿಂತು ಹೊಯ್ಯುವುದು ಅಣ್ಣನ ಕೆಲಸ. ಆವಿ ಮೂಗಿಗೆ ಹೋಗಬಾರದೆಂದು ಹೆಗಲ ಮೇಲಿನ ಬೈರಾಸನ್ನು ಮುಖಕ್ಕೆ ಬಿಗಿದು ಕಟ್ಟಿಕೊಂಡು ನಿಲ್ಲುತ್ತಿದ್ದರು. "ಎಂತ ಅಣ್ಣ, ದರೋಡೆಗೆ ಹೊರಟದ್ದಾ?" ಎಂದು ಕಂಡಕ್ಟರುಗಳು ರೇಗಿಸುವುದು, ಅವರು ಸಟ್ಟುಗ ಎತ್ತಿ ಹೆದರಿಸುವುದು ದಿನವೂ ಇದ್ದದ್ದೇ.

ಅವರಿಗೊಂದು ಕ್ರಮವಿತ್ತು. ಸಾಂಬಾರಿರಲಿ, ಚಟ್ನಿಯಿರಲಿ, ಬೆಲ್ಲದ ಕಷಾಯವಿರಲಿ, ಸೌಟಿನಿಂದ ಅಂಗೈಗೆ ಒಂದು ತೊಟ್ಟು ಬಿಟ್ಟುಕೊಂಡು ರುಚಿ ನೋಡದೆ ಯಾರಿಗೂ ಬಡಿಸಿದವರಲ್ಲ. ಎಷ್ಟೇ ಗಡಿಬಿಡಿ ಇರಲಿ, ಬಸ್ಸು ಹಾರ್ನ್ ಹೊಡೆದು ಕೂಗಾಡಲಿ, ಆ ಒಂದು ತೊಟ್ಟು ನಾಲಗೆಗೆ ಮುಟ್ಟಬೇಕು. ತನ್ನ ನಾಲಗೆ ಒಪ್ಪದ್ದನ್ನು ಊರಿಗೆ ಬಡಿಸುವುದು ಹೇಗೆಂದು ಕೇಳುತ್ತಿದ್ದರು. ಆಮ್ಲೇಟೊಂದೇ ಅವರ ಕೈ ತಪ್ಪಿದ ಸಂಗತಿ. ಅದಕ್ಕಾಗಿ ನನ್ನನ್ನು ನಾಲಗೆ ಮಾಡಿಕೊಂಡಿದ್ದರು. ಬೆಳಿಗ್ಗೆ ಮೊದಲನೆಯ ಆಮ್ಲೇಟಿನ ತುದಿಯನ್ನು ಮುರಿದು ಒಂದು ತಟ್ಟೆಯಲ್ಲಿ ಹಾಕಿ ಅಂಗಡಿಯ ಬಾಗಿಲಿಗೆ ಬರುತ್ತಿದ್ದರು.

"ಉಪ್ಪು ಸರಿ ಉಂಟಾ ಅಕ್ಕ?"

"ಸರಿ ಉಂಟು ಅಣ್ಣ."

ಇಷ್ಟೇ. ಇದು ಮುಗಿದ ಮೇಲೆಯೇ ನನ್ನ ಮಿಷಿನು ಓಡುವುದು, ಅವರ ಎರಡನೆಯ ಆಮ್ಲೇಟು ಕಾವಲಿಗೆ ಬೀಳುವುದು. ಎಷ್ಟು ವರ್ಷ ಹೀಗೆ ನಡೆಯಿತೋ... ಲೆಕ್ಕ ಇಟ್ಟವರಾರು.

ಒಂದು ಮಳೆಗಾಲ ಅವರಿಗೆ ಜೋರು ಜ್ವರ ಬಂತು. ಉಬ್ಬಸ ಇದ್ದವರಿಗೆ ಫ್ಲೂ ಬಂದರೆ ಸುಲಭದಲ್ಲಿ ಬಿಡುವುದಿಲ್ಲವಲ್ಲ. ಹೋಟೆಲಿನ ಬಾಗಿಲು ಬಹಳ ದಿನ ಮುಚ್ಚಿತ್ತು. ಎದ್ದು ಬಂದಾಗ ಅಂಗಿ ಹೆಗಲಿನಿಂದ ಜಾರುತ್ತಿತ್ತು. ನಾನೇ ಎರಡೂ ಬದಿ ಹಿಡಿದು ಹೊಲಿದುಕೊಟ್ಟೆ. ಮುಂದಿನ ವರ್ಷ ಮಳೆಗೆ ಮೊದಲೇ ಫ್ಲೂ ಇಂಜೆಕ್ಷನ್ ಹಾಕಿಸಿಕೊಳ್ಳಿ, ಇನ್ನೊಮ್ಮೆ ಹೀಗಾದರೆ ನಿಮ್ಮ ಶ್ವಾಸಕೋಶ ತಡೆಯಲಿಕ್ಕಿಲ್ಲ ಎಂದು ಡಾಕ್ಟರು ಹೇಳಿ ಕಳಿಸಿದ್ದರು. ಅಣ್ಣ ಒಪ್ಪಿಯೂ ಇದ್ದರು. ಮರುವರ್ಷ ಮಳೆ ಹತ್ತಿರವಾಗುವಷ್ಟರಲ್ಲಿ ಚಾ ಕುಡಿಯಲು ಬಂದ ಯಾರೋ ಒಬ್ಬ ಮಹಾನುಭಾವ ಮೊಬೈಲು ತೋರಿಸಿ, ಆ ಇಂಜೆಕ್ಷನ್ನಿನ ಮದ್ದನ್ನು ಕೋಳಿಮೊಟ್ಟೆಯಲ್ಲಿಯೇ ತಯಾರಿಸುವುದು ಎಂದು ಹೇಳಿ ಹೋದ. ಹೇಳಿದ್ದು ಸುಳ್ಳಲ್ಲ. ಆದರೆ ಅರ್ಧ ಹೇಳಿ ಬಸ್ಸು ಹತ್ತಿ ಹೋದನಲ್ಲ, ಅವನ ಮೇಲೆ ನನಗೆ ಇವತ್ತಿಗೂ ಸಿಟ್ಟು.

ಅಣ್ಣ ಹೆದರಿಬಿಟ್ಟರು. ನಾನೂ ಅತ್ತಿಗೆಯೂ ಸೇರಿ ಬಂಟ್ವಾಳದ ಡಾಕ್ಟರರ ಹತ್ತಿರ ಅವರನ್ನು ಎಳೆದುಕೊಂಡೇ ಹೋದೆವು. ಆಕೆ ಸಣ್ಣ ಪ್ರಾಯದವರು, ಆದರೆ ತಾಳ್ಮೆ ಇತ್ತು. ಮೊಟ್ಟೆ ತಿಂದಾಗ ಏನೇನಾಗಿತ್ತು, ಈ ಇಂಜೆಕ್ಷನ್ನನ್ನು ಹಿಂದೆ ಯಾವಾಗಲಾದರೂ ತೆಗೆದುಕೊಂಡದ್ದುಂಟಾ, ಬೇರೆ ಯಾವ ಮದ್ದಾದರೂ ಆಗದೆ ಇರುವುದುಂಟಾ ಎಂದು ಎಲ್ಲ ಕೇಳಿ ತಿಳಿದುಕೊಂಡರು. ಆಮೇಲೆ ಹೇಳಿದರು: "ಇದರಲ್ಲಿ ಮೊಟ್ಟೆಯ ಅಂಶ ಇದ್ದರೂ ಹೆಸರಿಗೆ ಮಾತ್ರ. ಮೊಟ್ಟೆ ಅಲರ್ಜಿ ಇದ್ದವರೂ ತಗೊಳ್ತಾರೆ. ಉಬ್ಬಸ ಇಲ್ಲದ ದಿನ ನೋಡಿ ಬನ್ನಿ. ಇಲ್ಲೇ ಅರ್ಧ ಗಂಟೆ ಕೂತ್ಕೊಳ್ಳಿ. ಏನಾದ್ರೂ ಆದ್ರೆ ನಾವಿದ್ದೇವೆ, ಮದ್ದೂ ಕೈಯಲ್ಲೇ ಉಂಟು."

ಅಣ್ಣ ತಲೆಯಾಡಿಸಿದರು. ಮುಂದಿನ ಸೋಮವಾರ ಎಂದು ನಿಶ್ಚಯವಾಯಿತು. ಅತ್ತಿಗೆ ಹೋಟೆಲು ನೋಡಿಕೊಳ್ಳುವುದು, ನಾನು ಜೊತೆಗೆ ಹೋಗಿ ಆ ಅರ್ಧ ಗಂಟೆ ಪಕ್ಕದಲ್ಲಿ ಕೂರುವುದು. ಬಸ್ಸಿನಲ್ಲಿ ಹಿಂದೆ ಬರುವಾಗ ಅಣ್ಣ ಕಿಟಕಿಯ ಹೊರಗೆ ನೋಡುತ್ತ ಬಂದರು. ಹೆದರಿಕೆ ಇಳಿದಿರಬೇಕು ಎಂದುಕೊಂಡೆ. ಅವರ ತಲೆಯೊಳಗೆ ಏನು ಬೇಯುತ್ತಿದೆ ಎಂದು ನಮಗೆಲ್ಲಿ ಗೊತ್ತು?

ಸೋಮವಾರ ನಾನು ಅಂಗಡಿ ತೆರೆಯಲೇ ಇಲ್ಲ. ಒಳ್ಳೆಯ ಸೀರೆ ಉಟ್ಟು, ಬ್ಯಾಗು ಹಿಡಿದು ಹೋಟೆಲಿನ ಬಾಗಿಲಿಗೆ ಹೋದೆ. ಕಾವಲಿ ಆರಿತ್ತು. ಅಣ್ಣ ಒಳಗಿನ ಬೆಂಚಿನ ಮೇಲೆ ಕೂತಿದ್ದರು. ಹೋಟೆಲಿನಲ್ಲಿ ಅವರು ಕೂತದ್ದನ್ನು ನಾನು ನೋಡಿದ್ದು ಅದೇ ಮೊದಲು. ತುಟಿ ದಪ್ಪವಾಗಿ ಊದಿತ್ತು, ಕಣ್ಣು ಗೆರೆಯಾಗಿತ್ತು, ಕುತ್ತಿಗೆಯಲ್ಲೆಲ್ಲ ಕೆಂಪು ಗಂಧೆ. ಎದೆಯೊಳಗಿನ ಸುಂಯ್ ಎನ್ನುವ ಶಬ್ದ ಬಾಗಿಲಿಗೇ ಕೇಳುತ್ತಿತ್ತು. ಅತ್ತಿಗೆ ಉಬ್ಬಸದ ಪಂಪನ್ನು ಅವರ ಬಾಯಿಗೆ ಹಿಡಿದು ಬೆನ್ನು ನೀವುತ್ತಿದ್ದರು.

"ಅಯ್ಯೋ ದೇವರೇ, ಎಂತ ಮಾಡಿಕೊಂಡಿರಿ ಅಣ್ಣ?"

ತಟ್ಟೆಯ ಕಡೆ ಕೈ ತೋರಿಸಿದರು. ಅದರಲ್ಲಿ ಒಂದು ಆಮ್ಲೇಟು, ತುದಿ ಒಂದು ಚೂರು ಮುರಿದಿತ್ತು. ಅಣ್ಣ ಬೆಳಿಗ್ಗೆ ಎದ್ದು, ತನ್ನ ಕ್ರಮ ತಪ್ಪಬಾರದೆಂದು, ರುಚಿ ನೋಡಿದ್ದರು! ಮೈಯೊಳಗೆ ಹೋಗುವ ಮದ್ದಿನಲ್ಲಿ ಮೊಟ್ಟೆ ಇದೆ, ಹಾಗಾದರೆ ಮೊದಲು ಒಂದು ಚೂರು ಮೊಟ್ಟೆ ತಿಂದು ನೋಡುವ, ತಡೆದರೆ ಹೋಗುವ ಎಂದು ಲೆಕ್ಕ ಹಾಕಿದ್ದರು. ಮೂವತ್ತು ಮಂದಿಯ ಸಾಂಬಾರನ್ನು ಅಂಗೈಯ ಒಂದು ತೊಟ್ಟಿನಲ್ಲಿ ತಿಳಿಯುವ ಮನುಷ್ಯನಿಗೆ ಇದು ಸರಿಯೆಂದೇ ಕಂಡಿತ್ತು. ಡಾಕ್ಟರು ಎಲ್ಲ ಹೇಳಿದ್ದರು. ಮನೆಯಲ್ಲಿ ಮೊಟ್ಟೆ ತಿಂದು ನೋಡಬೇಡಿ ಎಂದು ಮಾತ್ರ ಹೇಳಿರಲಿಲ್ಲ. ಹಾಗೆ ಮಾಡುವವರು ಇರುತ್ತಾರೆಂದು ಯಾರಿಗಾದರೂ ಹೊಳೆಯುತ್ತದೆಯೇ?

ಆಸ್ಪತ್ರೆಗೆ ಹೋಗುವ ಎಂದು ರಿಕ್ಷಾ ಕರೆಸಿದೆವು. ಹತ್ತಿಸುವಾಗ ಅಣ್ಣ ನನ್ನ ಕೈ ಹಿಡಿದು, ಊದಿದ ತುಟಿಯಲ್ಲೇ ಹೇಳಿದರು. "ಉಪ್ಪು ಸರಿ ಉಂಟು ಅಕ್ಕ... ನೀವು ಸುಳ್ಳು ಹೇಳ್ಲಿಲ್ಲ."

ನಗುವುದೋ ಅಳುವುದೋ ತಿಳಿಯದೆ ಚೆನ್ನಾಗಿ ಬೈದುಬಿಟ್ಟೆ.

ಸಂಜೆಯೊಳಗೆ ಊತ ಇಳಿಯಿತು, ಉಸಿರು ಸರಿಯಾಯಿತು. ಆದರೆ ಇಂಜೆಕ್ಷನ್ನಿನ ಮಾತು ಅಲ್ಲಿಗೇ ನಿಂತಿತು. ಬಂಟ್ವಾಳದ ಡಾಕ್ಟರರಿಗೆ ಫೋನು ಮಾಡಿ ಎಲ್ಲ ಹೇಳಿದೆ. ಆಕೆ ಪಾಪ ನೊಂದುಕೊಂಡರು. ತಿನ್ನುವ ಮೊಟ್ಟೆಗೂ ಇದಕ್ಕೂ ಹೋಲಿಕೆಯೇ ಇಲ್ಲ, ಒಂದು ಚೂರು ಆಮ್ಲೇಟಿನಲ್ಲಿ ಇರುವಷ್ಟು ಮೊಟ್ಟೆ ಎಷ್ಟು ಇಂಜೆಕ್ಷನ್ ಸೇರಿಸಿದರೂ ಆಗದು, ಚೇತರಿಸಿಕೊಂಡ ಮೇಲೆ ಕರೆದುಕೊಂಡು ಬನ್ನಿ ಎಂದರು. ಅದನ್ನೇ ಹೋಗಿ ಅಣ್ಣನಿಗೆ ಹೇಳಿದೆ. ಒಮ್ಮೆಯಲ್ಲ, ಗೋಡೆಯ ಈಚೆಯಿಂದ ಮಿಷಿನು ತುಳಿಯುತ್ತಲೂ ಹೇಳಿದೆ. ಅವರು ಜಗಳ ಮಾಡಲಿಲ್ಲ. "ನೋಡುವ ಅಕ್ಕ" ಎಂದರು. ನಮ್ಮ ಊರಿನಲ್ಲಿ ನೋಡುವ ಎಂದರೆ ಮುಗಿಯಿತು, ಎದುರಿನವರ ಮನಸ್ಸು ನೋಯಿಸದೆ ಇಲ್ಲ ಎನ್ನುವ ಕ್ರಮ ಅದು. ಅವರ ನಾಲಗೆ ಪರೀಕ್ಷೆ ಮಾಡಿ ತೀರ್ಪು ಕೊಟ್ಟಾಗಿತ್ತು. ಅದರ ಮುಂದೆ ಡಾಕ್ಟರರ ಮಾತೂ ಇಲ್ಲ, ಈ ಟೈಲರಕ್ಕನ ಮಾತೂ ಇಲ್ಲ.

ಮಳೆ ಹಿಡಿಯಿತು. ಬಸ್ಸಿನವರು ಒಬ್ಬರ ಹಿಂದೊಬ್ಬರು ಕೆಮ್ಮುತ್ತ ಬಂದು ಬಿಸಿ ಕಷಾಯ ಕೇಳತೊಡಗಿದರು. ಅಣ್ಣ ಎಲ್ಲರಿಗೂ ಕಾಯಿಸಿ ಕೊಟ್ಟರು. ಆಟಿ ತಿಂಗಳ ಮಳೆ ಜೋರಾಗುವಾಗ ಅವರೂ ಮಲಗಿದರು. ಈ ಸಲ ಜ್ವರ ಎದೆಗೆ ಇಳಿಯಿತು. ಮಂಗಳೂರಿನ ಆಸ್ಪತ್ರೆಗೆ ಕರೆದುಕೊಂಡು ಹೋದರು... ನಾನು ಒಮ್ಮೆ ಹೋಗಿ ಐಸಿಯುವಿನ ಗಾಜಿನ ಈಚೆಯಿಂದ ನೋಡಿ ಬಂದೆ. ಮುಖಕ್ಕೆ ಬೈರಾಸು ಕಟ್ಟಿಕೊಳ್ಳುತ್ತಿದ್ದ ಜಾಗದಲ್ಲಿ ಪೈಪು ಇತ್ತು. ಆಮೇಲೆ ಅಣ್ಣ ಪುಂಜಾಲಕಟ್ಟೆಗೆ ಬಂದದ್ದು ಆಂಬುಲೆನ್ಸಿನಲ್ಲಿ.

ಇಂಜೆಕ್ಷನ್ ಹಾಕಿಸಿಕೊಂಡಿದ್ದರೆ ಉಳಿಯುತ್ತಿದ್ದರು ಎಂದು ಯಾರೂ ಬರೆದುಕೊಡಲಾರರು. ಡಾಕ್ಟರೂ ಹಾಗೆ ಹೇಳಲಿಲ್ಲ. ಇಷ್ಟು ಜೋರಾಗದೆ ಇರುತ್ತಿತ್ತೇನೋ ಎಂದರು, ಅಷ್ಟೇ. ಆ 'ಏನೋ' ಉಂಟಲ್ಲ, ಅದನ್ನು ನುಂಗಲೂ ಆಗುವುದಿಲ್ಲ, ಉಗುಳಲೂ ಆಗುವುದಿಲ್ಲ. ಅತ್ತಿಗೆ ಹೋಟೆಲು ಬಿಟ್ಟುಕೊಟ್ಟು ವಿಟ್ಲದ ತಮ್ಮನ ಮನೆಗೆ ಹೋದರು. ಗೋಡೆಯ ಆಚೆ ಶಬ್ದವಿಲ್ಲದೆ ನನಗೂ ಕೂರಲಾಗಲಿಲ್ಲ. ಅಂಗಡಿ ಮುಚ್ಚಿ ಮಗಳ ಜೊತೆ ಮೂಡುಬಿದಿರೆಗೆ ಬಂದೆ. ಆಮ್ಲೇಟು ತಿನ್ನುವುದನ್ನು ಬಿಟ್ಟಿದ್ದೇನೆ. ಅಲರ್ಜಿಯೇನೂ ಇಲ್ಲ, ಗಂಟಲಲ್ಲಿ ಇಳಿಯುವುದಿಲ್ಲ.

ಕಳೆದ ವಾರ ಬೆಂಚಿನ ಮೇಲೆ ಕೂತು ಇದನ್ನೆಲ್ಲ ನೆನೆಯುತ್ತಿದ್ದಾಗ, ಕಾಲೇಜಿನ ಪ್ರಾಯದ ಹುಡುಗಿಯೊಬ್ಬಳು ಒಳಗೆ ಬಂದು ನರ್ಸಿನ ಹತ್ತಿರ ಮೆಲ್ಲಗೆ, ತನಗೆ ಮೊಟ್ಟೆ ತಿಂದರೆ ಮೈಯೆಲ್ಲ ಗಂಧೆ ಏಳುತ್ತದೆ ಎಂದಳು. ನರ್ಸು ಗಾಬರಿಯಾಗಲಿಲ್ಲ. ಡಾಕ್ಟರರನ್ನು ಕರೆದಳು, ಅವರು ಬಂದು ನಾಲ್ಕು ಪ್ರಶ್ನೆ ಕೇಳಿದರು, ತೋಳು ಒರೆಸಿ ಚುಚ್ಚಿದರು. ಮುಗಿಯಿತು. ಇಷ್ಟೇ... ಇಷ್ಟೇ ಆಗಿತ್ತು ಅಣ್ಣ. ಹುಡುಗಿ ಬಂದು ನನ್ನ ಪಕ್ಕ ಕೂತಳು. ಒಂದೇ ಸಮನೆ ತೋಳನ್ನು ನೋಡಿಕೊಳ್ಳುತ್ತಿದ್ದಳು.

ಸ್ವಲ್ಪ ಹೊತ್ತಿಗೆ ನರ್ಸು ಬಂದು, "ನಿಮ್ಮದು ಆಯ್ತು ಅಮ್ಮ, ಇನ್ನು ಹೋಗ್ಬಹುದು" ಎಂದಳು.

"ಇವಳದ್ದೂ ಆಗ್ಲಿ ಮಾರಾಯ್ತಿ. ನಾನು ಕೂತಿರ್ತೇನೆ" ಎಂದೆ.

ಹುಡುಗಿ ನನ್ನನ್ನು ನೋಡಿ ನಕ್ಕಳು. ಅವಳ ಅರ್ಧ ಗಂಟೆ ಮುಗಿಯಿತು, ಏನೂ ಆಗಲಿಲ್ಲ, ಚಪ್ಪಲಿ ಹಾಕಿಕೊಂಡು ಹೋದಳು. ನಾನು ಇನ್ನೂ ಅಲ್ಲೇ ಇದ್ದೆ. ಆ ಸೋಮವಾರ ಬಂಟ್ವಾಳದ ಬೆಂಚಿನ ಮೇಲೆ ಅಣ್ಣನ ಪಕ್ಕದಲ್ಲಿ ಹೀಗೆ ಕೂರುವುದಕ್ಕೆಂದೇ ನಾನು ಒಳ್ಳೆಯ ಸೀರೆ ಉಟ್ಟು ಹೊರಟಿದ್ದೆ.