ಸಿಪ್ಪೆಯ ಮೇಲೆ ಉಳಿದ ಗೆರೆ

ನಮ್ಮ ಮನೆಯಲ್ಲಿ ಮಾವಿನ ಸಿಪ್ಪೆ ಎಸೆಯುವುದಿಲ್ಲ, ದನಕ್ಕೆ ಹಾಕುತ್ತೇವೆ. ನಮ್ಮ ಕಡೆಯ ಈಶಾಡ ಮಾವಿನಹಣ್ಣನ್ನು ಸಿಪ್ಪೆಸಮೇತ ಹೋಳು ಮಾಡಿಟ್ಟರೆ ಎಲ್ಲರೂ ಹಲ್ಲಿನಿಂದಲೇ ಹೆರೆದು ತಿನ್ನುವವರು. ಬಕೆಟ್ಟಿಗೆ ಬಿದ್ದ ಸಿಪ್ಪೆ ನೋಡಿ ಯಾರದ್ದೆಂದು ನಾನು ಹೇಳಬಲ್ಲೆ. ಮಗಳದ್ದರ ಮೇಲೆ ಉದ್ದಕ್ಕೆ ತಿರುಳಿನ ಒಂದು ದಪ್ಪ ಗೆರೆ ಉಳಿದಿರುತ್ತದೆ. ಸಣ್ಣವಳಿದ್ದಾಗ ಬಾವಿಕಟ್ಟೆಗೆ ಬಡಿದು ಅವಳ ಒಂದು ಮುಂಹಲ್ಲು ಅರ್ಧ ಮುರಿದಿದೆ. ಆ ಗೆರೆಯನ್ನು ಹೇಳಿ ಎಷ್ಟು ಸಲ ನಕ್ಕಿದ್ದೇವೋ.

ಅವಳು ಕಾರವಾರದ ಕಾಲೇಜಿನಲ್ಲಿ ರಗ್ಬಿ ಆಡುತ್ತಾಳೆ. ಚೆಂಡು ಹಿಡಿದವಳನ್ನು ಕೆಡವಿ ಮೇಲೆ ಮೂರ್ನಾಲ್ಕು ಜನ ಬೀಳುವ ಆಟ. ನನಗೆ ತಿಳಿದದ್ದು ಅಷ್ಟು, ಮತ್ತೆ ಜರ್ಸಿಯ ಮರಳು ಮೂರು ನೀರಿಗೂ ಹೋಗುವುದಿಲ್ಲ ಎಂಬುದು. ಕಳೆದ ಮೇ ತಿಂಗಳಲ್ಲಿ ಅವಳ ಆಟದ ಮಾಸ್ತರರು ಫೋನ್ ಮಾಡಿ ಬರಹೇಳಿದರು. ಹಿಂದಿನ ದಿನ ಕಡಲದಂಡೆಯ ಪಂದ್ಯದಲ್ಲಿ, ಎಲ್ಲರೂ ರಾಶಿ ಬಿದ್ದಾಗ, ಎದುರು ತಂಡದ ಹುಡುಗಿಯ ಮುಂಗೈಯನ್ನು ಯಾರೋ ಕಚ್ಚಿದ್ದರಂತೆ. ಅವಳ ಮೇಲೆ ಬಿದ್ದವರು ನಮ್ಮವಳೂ ಸೇರಿ ಮೂವರು. ಮೂವರೂ ತಾವಲ್ಲ ಎಂದಿದ್ದರು. ಯಾರೂ ಒಪ್ಪದಿದ್ದರೆ ಮೂವರಿಗೂ ಒಂದು ವರ್ಷ ಆಟವಿಲ್ಲ. ಮಗಳ ಹೆಸರು ಆಗಷ್ಟೇ ವಿಶ್ವವಿದ್ಯಾಲಯ ತಂಡದ ಪಟ್ಟಿ ಸೇರಿತ್ತು.

"ಕಚ್ಚೂದಾ? ನಾ ಎಂತ ನಾಯಿಯಾ ಆಯಿ?" ಎಂದಳು. ಹೆತ್ತವಳು, ನಾನು ನಂಬಿದೆ.

ಬೆಳಿಗ್ಗೆ ಅವಳು ಏನೂ ತಿನ್ನದೆ ನನ್ನ ಜೊತೆ ಹೊರಟಿದ್ದರಿಂದ ಡಬ್ಬಿಗೆ ಹಣ್ಣು ಹಾಕಿಕೊಂಡಿದ್ದೆ. ಕಾಲೇಜಿನ ಜಗಲಿಯ ಬೆಂಚಿನಲ್ಲಿ ಕೂತು ತಿಂದು, ರೂಢಿಯಂತೆ ಸಿಪ್ಪೆಯನ್ನು ಡಬ್ಬಿಗೇ ಹಾಕಿ ನನಗೆ ಕೊಟ್ಟಳು. ಉಳಿದಿಬ್ಬರು ಹುಡುಗಿಯರು ಪಕ್ಕದ ಬೆಂಚಿನಲ್ಲಿದ್ದರು. ಒಬ್ಬಳು ಅತ್ತು ಅತ್ತು ಮುಖ ಊದಿಸಿಕೊಂಡಿದ್ದಳು.

ನಾವಿಬ್ಬರೂ ಒಳಗೆ ಹೋದೆವು. ಮಾಸ್ತರರ ಜೊತೆ ಕಚ್ಚಿಸಿಕೊಂಡ ಹುಡುಗಿ, ಅವಳ ತಾಯಿ. ತಾಯಿ ಗದ್ದೆಗೆಲಸ ಬಿಟ್ಟು ಬಂದವಳು. ಸೀರೆಯ ಅಂಚಿನಲ್ಲಿ ಕೆಸರು ಒಣಗಿತ್ತು. ಕೂರುವ ಮೊದಲೇ ನಾನು, "ನಮ್ಮನೇಲಿ ದೊಡ್ಡ ಬಾಯಿ ಮಾಡೂದೂ ಕಲಿಸ್ಲಿಲ್ಲ ಸರ್, ಕಚ್ಚೂದು ಎಲ್ಲಿಂದ ಬಂತು?" ಎಂದೆ. ಆ ತಾಯಿ ತನ್ನ ಮಗಳ ಅಂಗಿತೋಳನ್ನು ಮೇಲಕ್ಕೆ ಸರಿಸಿ ಮುಂಗೈಯನ್ನು ಮೇಜಿನ ಮೇಲಿಟ್ಟಳು.

ನೇರಳೆ ಬಣ್ಣದ ಅರ್ಧ ಚಕ್ರ. ಸಾಲಾಗಿ ಹಲ್ಲುಗಳು. ನಡುವೆ ಒಂದು ಹಲ್ಲಿನಷ್ಟು ಜಾಗ ಖಾಲಿ.

ಮಾಸ್ತರರು ಏನೋ ಹೇಳುತ್ತಿದ್ದರು, ಕೇಳಿಸಲಿಲ್ಲ. ಮಡಿಲಲ್ಲಿದ್ದ ಡಬ್ಬಿ ತೆರೆದು ನೋಡುವ ಅಗತ್ಯವಿರಲಿಲ್ಲ. ಮಗಳ ಕಡೆ ತಿರುಗಿದೆ. ಅವಳೂ ಡಬ್ಬಿಯನ್ನೇ ನೋಡುತ್ತಿದ್ದಳು.

"ಹೊರಗೆ ಆ ಇಬ್ಬರು ಕೂತಿದಾರೆ ಮಗಾ. ನೀ ಹೇಳ್ತ್ಯಾ, ನಾ ಹೇಳ್ಲಾ?"

ಅವಳು ಮಾಸ್ತರರ ಕಡೆ ತಿರುಗಿದಳು. "ನಾನೇ ಸರ್. ಇವಳು ಜಡೆ ಹಿಡಿದು ಎಳೆದಿದ್ಳು."

"ಎಳೆದಿದ್ರೆ ಆಗ್ಲೇ ಹೇಳೂದಲ್ಲಾ ತಂಗೀ," ಎಂದಳು ಆ ತಾಯಿ. ಅಷ್ಟೇ ಅವಳು ಆಡಿದ್ದು.

ಉಳಿದಿಬ್ಬರನ್ನು ಆಗಲೇ ಕಳಿಸಿಕೊಟ್ಟರು. ನಮ್ಮವಳಿಗೆ ಒಂದು ವರ್ಷ ಆಟವಿಲ್ಲ. ಪಟ್ಟಿಯಲ್ಲಿದ್ದ ಹೆಸರನ್ನು ಮಾಸ್ತರರು ನಮ್ಮೆದುರೇ ಹೊಡೆದುಹಾಕಿದರು. ಅಂಕೋಲೆಗೆ ಮರಳುವ ಬಸ್ಸಿನಲ್ಲಿ ಡಬ್ಬಿ ನನ್ನ ಮಡಿಲಲ್ಲೇ ಇತ್ತು. ನಾನು ಬಾಯಿಗೆ ತುತ್ತಿಟ್ಟು ಬೆಳೆಸಿದ ಮಗು, ಇನ್ನೊಬ್ಬರ ಮಗುವಿನ ತೋಳು. ಇವೆರಡನ್ನು ಕೂಡಿಸಲು ನನ್ನಿಂದ ಆಗಲಿಲ್ಲ, ಇವತ್ತಿಗೂ ಆಗುವುದಿಲ್ಲ.

ಮನೆಗೆ ಬಂದು ಕೊಟ್ಟಿಗೆಯಲ್ಲಿ ಡಬ್ಬಿ ತೆರೆದೆ. ಒಂದು ಸಿಪ್ಪೆ ಎತ್ತಿ ಬೆಳಕಿಗೆ ಹಿಡಿಯುವಷ್ಟರಲ್ಲಿ ಹಿಂದಿನಿಂದ ಅವಳ ದನಿ ಬಂತು.

"ನೋಡ್ಬೇಡ ಆಯಿ. ಹಾಕು ದನಕ್ಕೆ."