ಖಾಸಗಿ ಪಿಕಪ್ಪಿನ ಪಕ್ಕದ ಸೀಟು

ಗೆಳೆಯರೇ, ಇವತ್ತು ನನ್ನ ಪಿಕಪ್ಪಿಗೆ ದಂಡ ಬಿತ್ತು. ನಾರಾಯಣಖೇಡದಲ್ಲಿ ಬಸ್ ತಪ್ಪಿದ ಅಜ್ಜಿಯೊಬ್ಬರನ್ನು ಜಹೀರಾಬಾದಿಗೆಂದು ಪಕ್ಕದಲ್ಲಿ ಕೂರಿಸಿಕೊಂಡಿದ್ದೆ. ದಾರಿಯಲ್ಲಿ ತಪಾಸಣೆಯ ಸಾಹೇಬರು ತಡೆದರು.

“ಖಾಸಗಿ ಗಾಡಿ ಸಾಹೇಬ್ರ, ಬಾಡಿಗಿಗಿ ಓಡ್ಸಂಗಿಲ್ಲ” ಎಂದೆ.

ಅಜ್ಜಿಗೆ ಅವಮಾನವಾಯಿತು. “ಪುಕ್ಕಟೆ ಕೂಡಾಕಿ ಅಲ್ರಿ ನಾ! ಬ್ಯಾಡಂದ್ರೂ ಎರಡು ಸೇರು ತೊಗರಿ ಬ್ಯಾಳಿ ಕೊಟ್ಟೀನಿ, ನೋಡ್ರಿ!”

ಸಾಹೇಬರು ಗಂಟು ನೋಡಿ ನಕ್ಕರು. “ಬಾಡಿಗಿ ತಗೊಂಡ್ರ ಕಮರ್ಷಿಯಲ್ ಆತಲ್ರಿ!”

ಅಲ್ಲಿ ನನ್ನ ಬೇಳೆ ಬೇಯಲಿಲ್ಲ. ಈಗ ಮನೆಯಲ್ಲಿ ಬೇಯುತ್ತಿದೆ, ಒಬ್ಬನಿಗಾಗುವಷ್ಟು. ಹೆಂಡತಿ ತೀರಿಕೊಂಡ ಮೇಲೆ ಆ ಸೀಟಿನಲ್ಲಿ ಕೂತು ದಾರಿಯುದ್ದಕ್ಕೂ ನನ್ನನ್ನು ಬೈದವರು ಆ ಅಜ್ಜಿಯೊಬ್ಬರೇ. ಸಾಹೇಬರ ರಸೀದಿಯಲ್ಲಿ ಅದನ್ನು ಬರೆಯಲು ಜಾಗವಿರಲಿಲ್ಲ.

ನಾಳೆಯೂ ಬಸ್ ಸ್ಟ್ಯಾಂಡಿನ ಮುಂದಿನಿಂದಲೇ ಹೋಗುತ್ತೇನೆ. ಯಾರಿಗಾದರೂ ಬಸ್ ತಪ್ಪಲಿ, ದೇವರೇ.