ಮೇಣ ಬಿಡಿಸುವ ಡೊಮಿನಿಕ್

ಕಡಕೊಳದ ಅತ್ತರು ಕಾರ್ಖಾನೆಯಲ್ಲಿ ಮಲ್ಲಿಗೆ ಸಾರದಿಂದ ಮೇಣ ಬಿಡಿಸುವುದಕ್ಕೆ ಡೊಮಿನಿಕ್‌ನನ್ನು ಬಿಟ್ಟರೆ ಇನ್ನೊಬ್ಬನಿಲ್ಲ ಎಂಬ ಮಾತು ಹದಿನೆಂಟು ವರ್ಷ ನಡೆದಿತ್ತು. ಹಾಗೆ ಹೇಳಿಕೊಂಡು ತಿರುಗುವವರಲ್ಲಿ ಡೊಮಿನಿಕ್ಕೇ ಮೊದಲಿಗ.

ಮುಚ್ಚಿದ ಯಂತ್ರದೊಳಗೇ ದ್ರಾವಕ ಸುತ್ತಿ ಸುತ್ತಿ ಹೂವಿನ ಸಾರ ಹೊತ್ತು ತರುತ್ತದೆ. ಜೊತೆಗೆ ಬೇಡದ ಮೇಣವೂ ಬರುತ್ತದೆ. ಸಾರವನ್ನು ಸ್ಪಿರಿಟ್ಟಿನಲ್ಲಿ ಕರಗಿಸಿ ಚೆನ್ನಾಗಿ ತಣಿಸಿದರೆ ಮೇಣ ಹೆಪ್ಪುಗಟ್ಟುತ್ತದೆ, ಆಗ ಸೋಸಬೇಕು. ಡೊಮಿನಿಕ್ ಇದನ್ನು ಐಸು, ಕಲ್ಲುಪ್ಪು ತುಂಬಿದ ಡ್ರಮ್ಮಿನಲ್ಲಿ ಮಾಡುತ್ತಿದ್ದ. ಸೋಸುವ ಆಲಿಕೆಯನ್ನೂ ಐಸಿನಲ್ಲೇ ಹೂತಿಡುತ್ತಿದ್ದ, ಯಾಕೆಂದರೆ ಆಲಿಕೆ ಬೆಚ್ಚಗಿದ್ದರೆ ಮೇಣ ಮತ್ತೆ ಕರಗಿ ಸಾರದ ಜೊತೆಗೇ ಇಳಿದುಹೋಗುತ್ತದೆ. ಯಾರೂ ಹೇಳಿಕೊಟ್ಟದ್ದಲ್ಲ ಇದು. ಕೈ ಮರಗಟ್ಟಿಸಿಕೊಂಡು ತಾನೇ ಕಂಡುಕೊಂಡದ್ದು, ಯಾರಿಗೂ ಹೇಳಿಕೊಡದೆ ಇಟ್ಟುಕೊಂಡದ್ದು.

೨೦೦೩ರಲ್ಲಿ ಮಾಲೀಕ ಕೃಷ್ಣಸ್ವಾಮಿ ತಣಿಸುವ ಯಂತ್ರವನ್ನೇ ತರಿಸಿದರು. ಅದನ್ನು ಕೂರಿಸಲು ಬಂದವನು ಮಹಾಂತೇಶ್, ಇಪ್ಪತ್ತಾರರ ಇಂಜಿನಿಯರ್. ಮಾಲೀಕರು ಅವನಿಗೆ ಕುರ್ಚಿ ಹಾಕಿಸಿ, ತಮ್ಮ ಫ್ಲಾಸ್ಕಿನಿಂದಲೇ ಕಾಫಿ ಬಗ್ಗಿಸಿ ಕೊಟ್ಟರು. ಹದಿನೆಂಟು ವರ್ಷದಲ್ಲಿ ಆ ಫ್ಲಾಸ್ಕು ಡೊಮಿನಿಕ್‌ಗಾಗಿ ಒಂದು ದಿನವೂ ಬಗ್ಗಿರಲಿಲ್ಲ. ಅವನ ಹೊಟ್ಟೆಗೆ ಬೆಂಕಿ ಬಿತ್ತು. ಹೊಟ್ಟೆಕಿಚ್ಚೇ, ಅದಕ್ಕೆ ಬೇರೆ ಹೆಸರು ಹುಡುಕುವುದು ಬೇಡ.

ಮನೆಯಲ್ಲೂ ಅದೇ ಗೊಣಗಾಟ. ಹೆಂಡತಿ ಸೆಲ್ವಮೇರಿಗೆ ಸಾಕಾಯಿತು. "ಆ ಹುಡುಗ ನಿಮ್ಗೇನ್ ಮಾಡಿದ್ನು ರೀ? ಅವನ ಪಾಡಿಗೆ ಅವನು ಕೆಲ್ಸ ಮಾಡ್ತಾವ್ನೆ."

"ಮಾಡ್ಲಿ ಮಾಡ್ಲಿ. ನಾಲ್ಕು ಪೈಪ್ ಬಿಗಿದ್ಬುಟ್ರೆ ಮೇಣ ಬಿಟ್ಬುಡ್ತದಾ?"

ಐದನೇ ದಿನ ಡೊಮಿನಿಕ್ ಹೊಸ ಯಂತ್ರವನ್ನು ಸುತ್ತಿ ನೋಡಿದ. ತೊಟ್ಟಿಗೆ ತಣಿಸುವ ಕೊಳವೆ ಸುತ್ತಿ, ಮೇಲೆ ದಪ್ಪ ಥರ್ಮಾಕೋಲ್ ಹೊದಿಸಿದ್ದರು. ಸೋಸುವ ಡಬ್ಬಿ ಮಾತ್ರ ಆಚೆ, ಕಿಟಕಿಯ ಪಕ್ಕ ಬರಿಮೈಯಲ್ಲಿ ನಿಂತಿತ್ತು. ತಪ್ಪು ಅವನಿಗೆ ಒಂದೇ ನೋಟಕ್ಕೆ ಸಿಕ್ಕಿತು.

ಅಷ್ಟರಲ್ಲಿ ಮಹಾಂತೇಶನೇ ಬಂದ. "ಡೊಮಿನಿಕಣ್ಣ, ನೀವು ಹಳಬ್ರು. ಏನಾದ್ರೂ ಸರಿ ಇಲ್ಲ ಅನ್ಸಿದ್ರೆ ಹೇಳ್ಬುಡಿ."

"ಓದ್ದೋರು ನೀವು. ನಾವೇನ್ ಹೇಳೋದು ಸಾರ್," ಎಂದು ಡೊಮಿನಿಕ್ ಬಾಯಿಗೆ ಬೀಗ ಹಾಕಿಕೊಂಡ.

ಮಾರನೆಯ ದಿನ ಮಾಲೀಕರ ಎದುರಿಗೇ ಮೊದಲ ಸಾರ ಇಳಿಯಿತು. ಬಾಟಲಿಯನ್ನು ತಣ್ಣಗೆ ಮಾಡಿ ನೋಡಿದರೆ ಒಳಗೆ ಮೇಣ ಉಳಿದು ಗಂಜಿಯಂತೆ ಮಬ್ಬು. ಒಂದು ವಾರದ ಮಲ್ಲಿಗೆ ಕೆಟ್ಟಿತ್ತು. ಮಹಾಂತೇಶನ ಮುಖ ಸಪ್ಪಗಾಯಿತು. ಡೊಮಿನಿಕ್‌ಗೆ ಹಬ್ಬದೂಟ ಉಂಡಷ್ಟು ತೃಪ್ತಿ. ಈಗ ತನ್ನನ್ನು ಕರೆದೇ ಕರೆಯುತ್ತಾರೆಂದು ಕಾದ. ಕರೆದರು ಕೂಡ.

"ಡ್ರಮ್ಮಲ್ಲಿ ಯಾವತ್ತೂ ಹಿಂಗಾಗಿರ್ಲಿಲ್ಲ. ಇಲ್ಲೇನೋ ತಪ್ಪಿದೆ ಅಂತ ನಿಂಗೆ ಮೊದ್ಲೇ ಗೊತ್ತಿತ್ತೇನಯ್ಯ?" ಎಂದರು ಕೃಷ್ಣಸ್ವಾಮಿ.

ಡೊಮಿನಿಕ್ ಲೆಕ್ಕ ಹಾಕಿದ. ಗೊತ್ತಿತ್ತು ಎಂದರೆ, ಗೊತ್ತಿದ್ದೂ ಅಷ್ಟು ಹೂವು ಹಾಳಾಗಲು ಬಿಟ್ಟವನಾಗುತ್ತಾನೆ.

"ಇಲ್ಲ ಸಾರ್. ನಂಗೆಂಗೆ ಗೊತ್ತಾಗ್ತದೆ?"

ಮಹಾಂತೇಶ್ ಒಂದೊಂದೇ ಕೊಳವೆ ಮುಟ್ಟುತ್ತಾ ಬಂದು ಸೋಸುವ ಡಬ್ಬಿಯ ಮೇಲೆ ಕೈಯಿಟ್ಟ. "ಸಾರ್, ಇದು ಬೆಚ್ಚಗಿದೆ! ಇದನ್ನೂ ತಣ್ಣಗಿಡ್ಬೇಕಿತ್ತು."

ಎರಡು ದಿನದಲ್ಲಿ ಡಬ್ಬಿಗೂ ತಣಿಸುವ ಕೊಳವೆ, ಹೊದಿಕೆ ಬಂದವು. ಈ ಸಲ ಸಾರ ತಿಳಿಯಾಗಿ ಇಳಿಯಿತು. ಕೃಷ್ಣಸ್ವಾಮಿ ಮಹಾಂತೇಶನ ಬೆನ್ನು ತಟ್ಟಿದರು.

"ಹದಿನೆಂಟು ವರ್ಷ ಐಸ್ ಹೊತ್ತ ನಮ್ಮ ಡೊಮಿನಿಕ್‌ಗೂ ಹೊಳೀದೇ ಇದ್ದಿದ್ದು ನಿಮಗೆ ಹೊಳೀತು ನೋಡಿ. ಅಲ್ವೇನಯ್ಯ?"

ಡೊಮಿನಿಕ್ ಹೌದೆಂದು ತಲೆಯಾಡಿಸಿದ.